ಮುಖ್ಯ ವಿಂಡೋಗೆ ಹೊಂದಿಕೊಂಡೇ ಪಾಪ್‌ಅಪ್ ತೆರೆಯುವಂತೆ ಮಾಡುವುದು: ಸಮಗ್ರ ಮಾರ್ಗದರ್ಶಿ

ನಿಮ್ಮ ಅಪ್ಲಿಕೇಶನ್ ಬಲಗಡೆಯ ಮಾನಿಟರ್‌ನಲ್ಲಿ ಓಡುತ್ತಿದೆ. ಬಳಸುವವರು ಸೆಟ್ಟಿಂಗ್ಸ್ ಬಟನ್ ಒತ್ತುತ್ತಾರೆ. ಪಾಪ್‌ಅಪ್ ಹೋಗಿ ಎಡಗಡೆಯ ಮಾನಿಟರ್‌ನಲ್ಲಿ ತೆರೆದುಕೊಳ್ಳುತ್ತದೆ. ಅವರಿಗೆ ಅದು ಕಾಣುವುದೇ ಇಲ್ಲ. ಇನ್ನೊಮ್ಮೆ ಒತ್ತುತ್ತಾರೆ, ಏನೂ ಆಗುವುದಿಲ್ಲ. ಪಾಪ್‌ಅಪ್ ಮೋಡಲ್ ಆಗಿದ್ದರೆ, ಅಂದರೆ ಅದನ್ನು ಮುಚ್ಚುವವರೆಗೂ ಬೇರೆ ಕೆಲಸಕ್ಕೆ ಬಿಡದ ಥರದ್ದಾಗಿದ್ದರೆ, ಮುಖ್ಯ ವಿಂಡೋ ಕ್ಲಿಕ್‌ಗೆ ಸ್ಪಂದಿಸುವುದೂ ಇಲ್ಲ. ಅಪ್ಲಿಕೇಶನ್ ಹ್ಯಾಂಗ್ ಆಗಿದೆ ಎಂದುಕೊಂಡು ಅದನ್ನು ಬಲವಂತವಾಗಿ ಮುಚ್ಚುತ್ತಾರೆ. ಉಳಿಸದ ಕೆಲಸವೆಲ್ಲ ಹೋಯಿತು.

ಸಣ್ಣ ವಿಷಯ ಅನಿಸಬಹುದು, ಆದರೆ ಬಳಸುವವರಿಗೆ ಇದು ಸಣ್ಣದಲ್ಲ. ಸರಿಪಡಿಸುವುದೂ ಕಷ್ಟವಲ್ಲ. ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು, ಅಷ್ಟೇ: ಓನರ್ ಹೇಳು, ಅಳತೆ ತಗೋ, ಜಾಗ ಲೆಕ್ಕ ಹಾಕು, ಸ್ಕ್ರೀನ್ ಒಳಗೆ ತಾ, ಆಮೇಲೆ ತೋರಿಸು. ನಾನು ನೋಡಿದ ಬಹುಪಾಲು ತೊಂದರೆಗಳು ಈ ಕ್ರಮ ತಪ್ಪಿದ್ದರಿಂದ ಬಂದವು, ಗಣಿತ ತಪ್ಪಿದ್ದರಿಂದಲ್ಲ.

ಹಂತ 1: ಓನರ್ ಯಾರು ಎಂದು ಮೊದಲೇ ಹೇಳಿ

ಎಡ ಎಷ್ಟು, ಮೇಲೆ ಎಷ್ಟು ಎಂಬ ಸಂಖ್ಯೆಗಳಿಗೆ ಕೈ ಹಾಕುವ ಮುಂಚೆ ಪಾಪ್‌ಅಪ್‌ಗೆ ಅದರ ಓನರ್ ವಿಂಡೋ ಯಾವುದು, ಅಂದರೆ ಅದು ಯಾವ ವಿಂಡೋಗೆ ಸೇರಿದ್ದು ಎಂದು ತಿಳಿಸಿ. ಇದನ್ನು ಬಿಟ್ಟು ಸುಮ್ನೆ ಜಾಗ ಮಾತ್ರ ಲೆಕ್ಕ ಹಾಕಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಓನರ್ ಇರುವ ವಿಂಡೋ ಯಾವಾಗಲೂ ಓನರ್‌ಗಿಂತ ಮೇಲೆಯೇ ಇರುತ್ತದೆ, ಹಿಂದೆ ಹೋಗಿ ಅವಿತುಕೊಳ್ಳುವುದಿಲ್ಲ. ಓನರ್ ಮಿನಿಮೈಸ್ ಆದರೆ ಪಾಪ್‌ಅಪ್ ಕೂಡ ಮರೆಯಾಗುತ್ತದೆ. ಓನರ್ ಮುಚ್ಚಿದರೆ ಇದೂ ಮುಚ್ಚುತ್ತದೆ. ಇಷ್ಟೆಲ್ಲ ಪುಕ್ಕಟೆಯಾಗಿ ಸಿಗುವಾಗ ಎಲ್ಲಕ್ಕಿಂತ ಮೇಲೆ ನಿಲ್ಲಿಸುವ ಟಾಪ್‌ಮೋಸ್ಟ್ ಹಾಕುವುದು ಬೇಡ. ಹಾಗೆ ಮಾಡಿದರೆ ನಿಮ್ಮ ಪಾಪ್‌ಅಪ್ ಬೇರೆ ಅಪ್ಲಿಕೇಶನ್‌ಗಳ ಮೇಲೂ ಕುಳಿತುಬಿಡುತ್ತದೆ.

ಚೈಲ್ಡ್ ವಿಂಡೋ ಬೇರೆ, ಓನರ್ ಇರುವ ವಿಂಡೋ ಬೇರೆ. ಚೈಲ್ಡ್ ವಿಂಡೋ ತನ್ನ ಪೇರೆಂಟ್‌ನ ಒಳಗಿನ ಭಾಗ ದಾಟಿ ಹೊರಗೆ ಬರಲಾರದು, ಬಂದಷ್ಟು ಭಾಗ ಕತ್ತರಿಸಿದಂತೆ ಕಾಣುತ್ತದೆ. ಪಾಪ್‌ಅಪ್‌ಗೆ ನಮಗೆ ಬೇಕಾದದ್ದು ಓನರ್ ಸಂಬಂಧ.

ವಿಂಡೋ, ಬಟನ್‌ಗಳನ್ನು ಮಾಡಿಕೊಡುವ ಸಿದ್ಧ ಕೋಡ್‌ನ ಕಂತೆಗೆ ಟೂಲ್‌ಕಿಟ್ ಎನ್ನುತ್ತಾರೆ. ಡಬ್ಲ್ಯೂಪಿಎಫ್, ಜಿಟಿಕೆ, ಕ್ಯೂಟಿ, ಸ್ವಿಂಗ್‌ನಂಥ ಹೆಸರುಗಳೆಲ್ಲ ಅಂಥವೇ. ಡಬ್ಲ್ಯೂಪಿಎಫ್‌ನಲ್ಲಿ ಇದು ಓನರ್ ಪ್ರಾಪರ್ಟಿ. ಓನರ್ ಆಗುವ ವಿಂಡೋ ಮೊದಲೇ ಒಮ್ಮೆ ತೆರೆದಿರಬೇಕು, ಇಲ್ಲದಿದ್ದರೆ ಎಕ್ಸೆಪ್ಶನ್ ಬರುತ್ತದೆ. ಜಿಟಿಕೆಯಲ್ಲಿ ಟ್ರಾನ್ಸಿಯೆಂಟ್ ಫಾರ್, ಟಿಕೆಇಂಟರ್‌ನಲ್ಲಿ ಟ್ರಾನ್ಸಿಯೆಂಟ್, ಜಾವಾಎಫ್‌ಎಕ್ಸ್‌ನಲ್ಲಿ ಇನಿಟ್ ಓನರ್, ಎಲೆಕ್ಟ್ರಾನ್‌ನಲ್ಲಿ ಪೇರೆಂಟ್ ಆಯ್ಕೆ. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಹಂತ 2: ಸೊನ್ನೆ ಎಲ್ಲಿದೆ ಎಂದು ನೋಡಿಕೊಳ್ಳಿ

ಒಂದು ಬಟನ್‌ನ ಎಡ 20, ಮೇಲೆ 50 ಎಂದು ಕೋಡ್ ಹೇಳಿದರೆ ಅದು ಎಲ್ಲಿಂದ ಎಣಿಸಿದ ಸಂಖ್ಯೆ? ಸಾಮಾನ್ಯವಾಗಿ ಅದನ್ನು ಹೊತ್ತಿರುವ ಪ್ಯಾನೆಲ್‌ನ ಮೂಲೆಯಿಂದ. ಪಾಪ್‌ಅಪ್ ಇಡಲು ಬೇಕಾದದ್ದು ಇಡೀ ಸ್ಕ್ರೀನ್‌ನ ಲೆಕ್ಕದ ಸಂಖ್ಯೆ. ಒಂದನ್ನು ಇನ್ನೊಂದಕ್ಕೆ ಬದಲಿಸಲು ಹೆಚ್ಚಿನ ಟೂಲ್‌ಕಿಟ್‌ಗಳಲ್ಲಿ ಒಂದು ಫಂಕ್ಷನ್ ಇದೆ: ವಿನ್32ನಲ್ಲಿ (ವಿಂಡೋಸ್‌ನ ಮೂಲ ಪ್ರೋಗ್ರಾಮಿಂಗ್ ವ್ಯವಸ್ಥೆ) ಕ್ಲೈಂಟ್‌ಟುಸ್ಕ್ರೀನ್, ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯೂಪಿಎಫ್‌ನಲ್ಲಿ ಪಾಯಿಂಟ್‌ಟುಸ್ಕ್ರೀನ್, ಕ್ಯೂಟಿಯಲ್ಲಿ ಮ್ಯಾಪ್‌ಟುಗ್ಲೋಬಲ್. ಟೈಟಲ್ ಬಾರ್ ಎತ್ತರ, ಬಾರ್ಡರ್ ದಪ್ಪ ಎಂದು ನೀವೇ ಕೂಡಿಸುತ್ತಾ ಹೋಗಬೇಡಿ. ಥೀಮ್ ಬದಲಾದ ದಿನ ಆ ಲೆಕ್ಕ ಕೆಡುತ್ತದೆ.

ವಿಂಡೋಸ್‌ನಲ್ಲಿ ಮುಖ್ಯ ಮಾನಿಟರ್‌ನ ಎಡ ಮೇಲಿನ ಮೂಲೆಯೇ (0, 0). ಕೆಳಗೆ ಹೋದಷ್ಟೂ ಸಂಖ್ಯೆ ಜಾಸ್ತಿ. ಮ್ಯಾಕ್‌ಓಎಸ್‌ನ ಕೊಕೊ (Cocoa) ಟೂಲ್‌ಕಿಟ್‌ನಲ್ಲಿ ಉಲ್ಟಾ: ಸೊನ್ನೆ ಎಡ ಕೆಳಗಿನ ಮೂಲೆಯಲ್ಲಿದೆ, ಮೇಲೆ ಹೋದಷ್ಟೂ ಜಾಸ್ತಿ. ಎರಡೂ ಕಡೆ ಓಡುವ ಕೋಡ್ ಬರೆಯುವಾಗ ಪಾಪ್‌ಅಪ್ ಬಟನ್‌ನ ಕೆಳಗೆ ಬರುವ ಬದಲು ಮೇಲೆ ಬಂದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನೊಂದು ಮಾತು. ಮುಖ್ಯ ಮಾನಿಟರ್‌ನ ಎಡಗಡೆ ಇನ್ನೊಂದು ಮಾನಿಟರ್ ಇದ್ದರೆ ಅದರ ಸಂಖ್ಯೆಗಳು ಮೈನಸ್‌ನಲ್ಲಿರುತ್ತವೆ. 1920 ಪಿಕ್ಸೆಲ್ ಅಗಲದ ಮಾನಿಟರ್ ಆದರೆ ಅದು −1920ರಿಂದ ಶುರುವಾಗುತ್ತದೆ. ಇದು ತಪ್ಪಲ್ಲ, ಸರಿಯಾದ ಜಾಗವೇ. ಮುಂದೆ ಹಂತ 5ರಲ್ಲಿ ಇದು ಮತ್ತೆ ಬರುತ್ತದೆ.

ಹಂತ 3: ತೋರಿಸುವ ಮುಂಚೆ ಪಾಪ್‌ಅಪ್‌ನ ಅಳತೆ ತಿಳಿದುಕೊಳ್ಳಿ

ಮಧ್ಯಕ್ಕೆ ಇಡಬೇಕಾದರೆ ಅಗಲ, ಎತ್ತರ ಗೊತ್ತಿರಬೇಕು ಅಲ್ವಾ? ಆದರೆ ಒಳಗಿನ ವಿಷಯಕ್ಕೆ ತಕ್ಕಂತೆ ಹಿಗ್ಗುವ ಪಾಪ್‌ಅಪ್‌ಗೆ ಲೇಔಟ್ ಆಗುವವರೆಗೂ ನಿಜವಾದ ಅಳತೆಯೇ ಇರುವುದಿಲ್ಲ. ಟಿಕೆಇಂಟರ್‌ನಲ್ಲಿ ಹೊಸ ವಿಂಡೋದ ಅಗಲ ಕೇಳಿದರೆ 1 ಎಂದು ಉತ್ತರ ಬರುತ್ತದೆ. ಆ 1ನ್ನು ನಂಬಿ ಲೆಕ್ಕ ಹಾಕಿದರೆ ಪಾಪ್‌ಅಪ್‌ನ ಎಡ ಮೇಲಿನ ಮೂಲೆ ಮುಖ್ಯ ವಿಂಡೋದ ಮಧ್ಯಕ್ಕೆ ಬಂದು ಕೂರುತ್ತದೆ. ಮಧ್ಯಕ್ಕೆ ಇಟ್ಟರೂ ಬಲಕ್ಕೂ ಕೆಳಕ್ಕೂ ವಾಲಿದಂತೆ ಕಾಣುವುದಕ್ಕೆ ಕಾರಣ ಇದೇ.

ಟಿಕೆಇಂಟರ್‌ನಲ್ಲಿ ಹೀಗೆ ಮಾಡಿ: ಪಾಪ್‌ಅಪ್ ಮಾಡಿದ ತಕ್ಷಣ ವಿತ್‌ಡ್ರಾ ಮಾಡಿ ಮರೆಮಾಡಿ. ಒಳಗಿನ ಎಲ್ಲವನ್ನೂ ಸೇರಿಸಿ. ಅಪ್‌ಡೇಟ್‌ಐಡಲ್‌ಟಾಸ್ಕ್ಸ್ ಕರೆಯಿರಿ. ಈಗ ಬೇಕಾಗುವ ಅಗಲ, ಎತ್ತರ ಕೇಳಿ. ಜಾಗ ಕೊಡಿ. ಕೊನೆಗೆ ಡೀಐಕನಿಫೈ ಮಾಡಿ ತೋರಿಸಿ.

ಸ್ವಿಂಗ್‌ನಲ್ಲಿ ಮೊದಲು ಪ್ಯಾಕ್, ಆಮೇಲೆ ಸೆಟ್‌ಲೊಕೇಶನ್‌ರಿಲೇಟಿವ್‌ಟು. ಕ್ರಮ ಉಲ್ಟಾ ಆದರೆ ಅದೇ ವಾಲುವಿಕೆ. ಕ್ಯೂಟಿಯಲ್ಲಿ ಅಡ್ಜಸ್ಟ್‌ಸೈಜ್ ಕರೆದು ನಂತರ ಸೈಜ್ ಕೇಳಿ. ಡಬ್ಲ್ಯೂಪಿಎಫ್‌ನಲ್ಲಿ ಆಕ್ಚುಯಲ್‌ವಿಡ್ತ್ ಲೇಔಟ್ ಆದ ಮೇಲೆ ಮಾತ್ರ ನಂಬುವಂಥದ್ದು.

ಮೊದಲು ತೋರಿಸಿ ಆಮೇಲೆ ಸರಿಸಿದರೂ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಪಾಪ್‌ಅಪ್ ಒಂದು ಕ್ಷಣ ಬೇರೆಲ್ಲೋ ಮಿಂಚಿ ಹಾರಿ ಬಂದಂತೆ ಕಾಣುತ್ತದೆ. ಕಣ್ಣಿಗೆ ಚುಚ್ಚುವಂಥದ್ದು ಅದು. ಮರೆಯಲ್ಲೇ ಅಳೆದು ತೋರಿಸುವುದೇ ಸರಿಯಾದ ದಾರಿ.

ಹಂತ 4: ಜಾಗದ ಲೆಕ್ಕ

ಇದು ಎಲ್ಲಕ್ಕಿಂತ ಸುಲಭದ ಹಂತ. ಮಧ್ಯಕ್ಕೆ ಇಡುವ ಸೂತ್ರ:

ಪಾಪ್‌ಅಪ್ ಎಡ = ಮುಖ್ಯ ಎಡ + (ಮುಖ್ಯ ಅಗಲ − ಪಾಪ್‌ಅಪ್ ಅಗಲ) ÷ 2
ಪಾಪ್‌ಅಪ್ ಮೇಲೆ = ಮುಖ್ಯ ಮೇಲೆ + (ಮುಖ್ಯ ಎತ್ತರ − ಪಾಪ್‌ಅಪ್ ಎತ್ತರ) ÷ 2

ಮುಖ್ಯ ವಿಂಡೋ (300, 200)ರಲ್ಲಿದೆ, ಅಳತೆ 1000 × 700 ಎಂದುಕೊಳ್ಳಿ. ಪಾಪ್‌ಅಪ್ 400 × 300. ಎಡ = 300 + 600 ÷ 2 = 600. ಮೇಲೆ = 200 + 400 ÷ 2 = 400. ಪಾಪ್‌ಅಪ್ (600, 400)ಕ್ಕೆ ಹೋಗುತ್ತದೆ.

ಮುಖ್ಯ ವಿಂಡೋದ ಬಲಕ್ಕೆ ಅಂಟಿಸಬೇಕಾದರೆ: ಎಡ = ಮುಖ್ಯ ಎಡ + ಮುಖ್ಯ ಅಗಲ, ಮೇಲೆ = ಮುಖ್ಯ ಮೇಲೆ. ಬಟನ್‌ನ ಕೆಳಗೆ ಬೇಕಾದರೆ: ಎಡ = ಬಟನ್ ಎಡ, ಮೇಲೆ = ಬಟನ್ ಮೇಲೆ + ಬಟನ್ ಎತ್ತರ. ಬಟನ್‌ನ ಸಂಖ್ಯೆಗಳು ಸ್ಕ್ರೀನ್ ಲೆಕ್ಕದಲ್ಲಿರಲಿ.

ಯಾವುದನ್ನು ಆರಿಸಬೇಕು? ಉತ್ತರ ಕೊಡಲೇಬೇಕಾದ ಪ್ರಶ್ನೆಗಳು, ಅಂದರೆ ಉಳಿಸಲೇ, ಅಳಿಸಲೇ ಎಂಬಂಥವು, ಮಧ್ಯಕ್ಕೆ. ಹುಡುಕು ಮತ್ತು ಬದಲಿಸು ಥರದವು ಮೂಲೆಗೆ ಅಥವಾ ಪಕ್ಕಕ್ಕೆ, ಏಕೆಂದರೆ ಬಳಸುವವರು ಹಿಂದಿನ ಪಠ್ಯ ನೋಡುತ್ತಲೇ ಇರಬೇಕು. ಬಣ್ಣ ಆರಿಸುವ, ದಿನಾಂಕ ಆರಿಸುವ ಪುಟ್ಟ ಪಾಪ್‌ಅಪ್‌ಗಳು ಒತ್ತಿದ ಬಟನ್‌ನ ಹತ್ತಿರವೇ ಇರಲಿ. ಎಲ್ಲವನ್ನೂ ಮಧ್ಯಕ್ಕೇ ತಂದು ಹಾಕುವ ಅಪ್ಲಿಕೇಶನ್‌ಗಳಲ್ಲಿ ಬೇಕಾದದ್ದನ್ನೇ ಪಾಪ್‌ಅಪ್ ಮುಚ್ಚಿಬಿಡುತ್ತದೆ.

ಅಂಟಿಸುವಾಗ ವಿಂಡೋಸ್ 10 ಮತ್ತು ನಂತರದವುಗಳಲ್ಲಿ ಒಂದು ಸಣ್ಣ ಬಿರುಕು ಕಾಣಿಸುತ್ತದೆ. ಮುಖ್ಯ ವಿಂಡೋದ ಬಲ ಅಂಚಿಗೂ ಪಾಪ್‌ಅಪ್‌ನ ಎಡ ಅಂಚಿಗೂ ಲೆಕ್ಕದಲ್ಲಿ ಅಂತರವೇ ಇಲ್ಲ, ಆದರೂ ನಡುವೆ ಹಿಂದಿನ ಡೆಸ್ಕ್‌ಟಾಪ್ ಕಾಣುತ್ತದೆ. ಅಳತೆ ಬದಲಿಸಬಹುದಾದ ವಿಂಡೋಗಳ ಎಡ, ಬಲ ಮತ್ತು ಕೆಳಗೆ ಕಾಣದ ಬಾರ್ಡರ್ ಇದೆ. 100% ಸ್ಕೇಲಿಂಗ್‌ನಲ್ಲಿ, ಅಂದರೆ ಸ್ಕ್ರೀನ್ ಮೇಲಿನದನ್ನು ಹಿಗ್ಗಿಸದೆ ಇರುವಾಗ, ಅದು ಸುಮಾರು 7 ಪಿಕ್ಸೆಲ್. ವಿಂಡೋದ ಜಾಗ, ಅಳತೆ ಹೇಳುವ ಗೆಟ್‌ವಿಂಡೋರೆಕ್ಟ್ ಅದನ್ನೂ ಸೇರಿಸಿಕೊಂಡೇ ಉತ್ತರ ಕೊಡುತ್ತದೆ. ಕಣ್ಣಿಗೆ ಕಾಣುವ ಅಂಚು ಬೇಕಾದರೆ ಡಿಡಬ್ಲ್ಯೂಎಂಗೆಟ್‌ವಿಂಡೋಆಟ್ರಿಬ್ಯೂಟ್‌ಗೆ ಎಕ್ಸ್‌ಟೆಂಡೆಡ್ ಫ್ರೇಮ್ ಬೌಂಡ್ಸ್ ಕೊಟ್ಟು ಕೇಳಿ. ವಿಂಡೋ ತೆರೆದ ಮೇಲೆಯೇ ಇದನ್ನು ಕೇಳಬೇಕು. ಬರುವ ಸಂಖ್ಯೆ ನಿಜವಾದ ಪಿಕ್ಸೆಲ್‌ಗಳಲ್ಲಿರುತ್ತದೆ ಎಂಬುದೂ ನೆನಪಿರಲಿ. ಸುಮ್ನೆ 7 ಕಳೆಯುವ ಕೋಡ್ ಬರೆಯಬೇಡಿ, ಸ್ಕೇಲಿಂಗ್ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ.

ಹಂತ 5: ಸ್ಕ್ರೀನ್ ಒಳಗೆ ತನ್ನಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬರೆಯುವವರ ಮಾನಿಟರ್ ದೊಡ್ಡದಿರುತ್ತದೆ, ಅಪ್ಲಿಕೇಶನ್ ನಡುವಿನಲ್ಲಿರುತ್ತದೆ, ಎಲ್ಲ ಸರಿಯಾಗಿ ಕಾಣುತ್ತದೆ. ಬಳಸುವವರು ವಿಂಡೋವನ್ನು ಮೂಲೆಗೆ ಎಳೆದಾಗ ಪಾಪ್‌ಅಪ್‌ನ ಸರಿ ಬಟನ್ ಸ್ಕ್ರೀನ್‌ನಿಂದ ಆಚೆ ಹೋಗಿರುತ್ತದೆ.

ಮೊದಲು, ಯಾವ ಮಾನಿಟರ್ ಎಂದು ಕೇಳಿ. ಮುಖ್ಯ ಮಾನಿಟರ್ ಅಲ್ಲ, ನಿಮ್ಮ ಮುಖ್ಯ ವಿಂಡೋ ಇರುವ ಮಾನಿಟರ್. ವಿನ್32ನಲ್ಲಿ ಮಾನಿಟರ್‌ಫ್ರಮ್‌ವಿಂಡೋ, ವಿನ್‌ಫಾರ್ಮ್ಸ್‌ನಲ್ಲಿ ಸ್ಕ್ರೀನ್ ಫ್ರಮ್‌ಕಂಟ್ರೋಲ್, ಎಲೆಕ್ಟ್ರಾನ್‌ನಲ್ಲಿ ಗೆಟ್‌ಡಿಸ್‌ಪ್ಲೇಮ್ಯಾಚಿಂಗ್. ಅದರಲ್ಲಿ ಇಡೀ ಮಾನಿಟರ್‌ನ ಅಳತೆಯ ಬದಲು ವರ್ಕ್ ಏರಿಯಾ ತಗೊಳ್ಳಿ. ಅಂದರೆ ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ. ಕ್ಯೂಟಿಯಲ್ಲಿ ಇದು ಅವೈಲೆಬಲ್‌ಜಿಯೋಮೆಟ್ರಿ, ಮ್ಯಾಕ್‌ಓಎಸ್‌ನಲ್ಲಿ ವಿಸಿಬಲ್‌ಫ್ರೇಮ್.

ಆಮೇಲೆ ಈ ನಾಲ್ಕು ಸಾಲು, ಇದೇ ಕ್ರಮದಲ್ಲಿ:

ಪಾಪ್‌ಅಪ್‌ನ ಬಲ ಅಂಚು ಏರಿಯಾದ ಬಲ ಅಂಚು ದಾಟಿದರೆ, ಎಡ = ಏರಿಯಾ ಬಲ − ಪಾಪ್‌ಅಪ್ ಅಗಲ
ಪಾಪ್‌ಅಪ್‌ನ ಕೆಳ ಅಂಚು ಏರಿಯಾದ ಕೆಳ ಅಂಚು ದಾಟಿದರೆ, ಮೇಲೆ = ಏರಿಯಾ ಕೆಳಗೆ − ಪಾಪ್‌ಅಪ್ ಎತ್ತರ
ಎಡ < ಏರಿಯಾ ಎಡ ಆದರೆ, ಎಡ = ಏರಿಯಾ ಎಡ
ಮೇಲೆ < ಏರಿಯಾ ಮೇಲೆ ಆದರೆ, ಮೇಲೆ = ಏರಿಯಾ ಮೇಲೆ

ಬಲ ಮತ್ತು ಕೆಳಗೆ ಮೊದಲು, ಎಡ ಮತ್ತು ಮೇಲೆ ಕೊನೆಗೆ. ಪಾಪ್‌ಅಪ್ ಸ್ಕ್ರೀನ್‌ಗಿಂತ ದೊಡ್ಡದಾಗಿದ್ದರೆ ಎಲ್ಲ ಬದಿಯೂ ಒಳಗೆ ಬರುವುದು ಸಾಧ್ಯವಿಲ್ಲ. ಆಗ ಟೈಟಲ್ ಬಾರ್ ಆದರೂ ಕಾಣಬೇಕು, ಹಿಡಿದು ಎಳೆಯಲು ಅದು ಬೇಕು. ಕೊನೆಯ ಮಾತು ಎಡ ಮೇಲಿನ ಮೂಲೆಯದಾದರೆ ಅದು ಉಳಿಯುತ್ತದೆ.

ಮೂರನೆಯ ಸಾಲಿನಲ್ಲಿ ಏರಿಯಾ ಎಡ ಎಂದಿದೆ, 0 ಎಂದಲ್ಲ. ಮುಖ್ಯ ವಿಂಡೋ ಎಡಗಡೆಯ ಮಾನಿಟರ್‌ನಲ್ಲಿ −1500ರಲ್ಲಿದೆ, ಅಗಲ 1000, ಪಾಪ್‌ಅಪ್ 400 ಅಂದುಕೊಳ್ಳಿ. ಮಧ್ಯದ ಲೆಕ್ಕ −1200 ಕೊಡುತ್ತದೆ. ಎಡ 0ಗಿಂತ ಕಡಿಮೆಯಾದರೆ 0 ಮಾಡು ಎಂದು ಬರೆದಿದ್ದರೆ ಪಾಪ್‌ಅಪ್ ಜಿಗಿದು ಬಲಗಡೆಯ ಮಾನಿಟರ್‌ಗೆ ಹೋಗುತ್ತದೆ. ಶುರುವಿನಲ್ಲಿ ಹೇಳಿದ ಥರದ ತೊಂದರೆಗೆ ಈ ಒಂದು ಸೊನ್ನೆಯೂ ಕಾರಣವಾಗಬಲ್ಲದು.

ಬಟನ್‌ಗೆ ಅಂಟಿದ ಪಾಪ್‌ಅಪ್‌ಗೆ ಬರೀ ಸರಿಸಿದರೆ ಸಾಲದು. ವರ್ಕ್ ಏರಿಯಾದ ಕೆಳ ಅಂಚು 1040, ಬಟನ್ 920ರಿಂದ 950ರವರೆಗೆ ಇದೆ, ಪಾಪ್‌ಅಪ್ ಎತ್ತರ 300 ಎಂದಿಟ್ಟುಕೊಳ್ಳಿ. ಕೆಳಗೆ ಇಟ್ಟರೆ 1250ರವರೆಗೆ ಹೋಗುತ್ತದೆ. ಸುಮ್ನೆ ಮೇಲಕ್ಕೆ ಸರಿಸಿದರೆ 740ಕ್ಕೆ ಬಂದು ಬಟನ್ ಅನ್ನೇ ಮುಚ್ಚುತ್ತದೆ. ಇಲ್ಲಿ ಮಗುಚಬೇಕು: ಮೇಲೆ = 920 − 300 = 620. ಪಾಪ್‌ಅಪ್ 620ರಿಂದ 920ರವರೆಗೆ, ಬಟನ್‌ನ ನೆತ್ತಿಯ ಮೇಲೆ ಸರಿಯಾಗಿ ಕೂರುತ್ತದೆ. ಮೇಲೂ ಜಾಗವಿಲ್ಲದಿದ್ದರೆ ಮಾತ್ರ ಸರಿಸಿ. ಅಡ್ಡದಲ್ಲಿ ಮಗುಚುವ ಬದಲು ಸರಿಸುವುದೇ ಚೆನ್ನ, ಬಟನ್ ಕಾಣುತ್ತಲೇ ಇರುತ್ತದೆ. ವಿಂಡೋಸ್ 7ರಿಂದ ಕ್ಯಾಲ್ಕುಲೇಟ್‌ಪಾಪ್‌ಅಪ್‌ವಿಂಡೋಪೊಸಿಷನ್ ಎಂಬ ಫಂಕ್ಷನ್ ಇದೆ. ಮುಚ್ಚಬಾರದ ಆಯತವನ್ನು ಕೊಟ್ಟರೆ ಜಾಗವನ್ನು ಅದೇ ಲೆಕ್ಕ ಹಾಕಿ ಕೊಡುತ್ತದೆ.

ಹಂತ 6: ಸ್ಕೇಲಿಂಗ್

ವಿಂಡೋಸ್‌ನಲ್ಲಿ 100% ಸ್ಕೇಲಿಂಗ್ ಅಂದರೆ 96 ಡಿಪಿಐ (ಇಂಚಿಗೆ 96 ಚುಕ್ಕೆ). 125% ಅಂದರೆ 120, 150% ಅಂದರೆ 144, 200% ಅಂದರೆ 192. ಡಬ್ಲ್ಯೂಪಿಎಫ್‌ನ ಲೆಫ್ಟ್ ಮತ್ತು ಟಾಪ್ ಇಂಚಿನ 1/96 ಭಾಗದ ಲೆಕ್ಕದಲ್ಲಿರುತ್ತವೆ. ಆದರೆ ಅದೇ ಡಬ್ಲ್ಯೂಪಿಎಫ್‌ನ ಪಾಯಿಂಟ್‌ಟುಸ್ಕ್ರೀನ್ ನಿಜವಾದ ಪಿಕ್ಸೆಲ್ ಕೊಡುತ್ತದೆ. 150% ಇರುವ ಕಡೆ ಅದು 900 ಎಂದರೆ ಲೆಫ್ಟ್‌ಗೆ ಕೊಡಬೇಕಾದದ್ದು 600. ನೇರವಾಗಿ 900 ಕೊಟ್ಟರೆ ಪಾಪ್‌ಅಪ್ 1350ನೇ ಪಿಕ್ಸೆಲ್‌ಗೆ ಹೋಗುತ್ತದೆ. ಬರೆದವರ ಮಾನಿಟರ್ 100%ರಲ್ಲಿದ್ದರೆ ಈ ತಪ್ಪು ಕಾಣುವುದೇ ಇಲ್ಲ. ಟ್ರಾನ್ಸ್‌ಫಾರ್ಮ್‌ಫ್ರಮ್‌ಡಿವೈಸ್ ಬಳಸಿ ಬದಲಿಸಿಕೊಳ್ಳಿ.

ಎರಡು ಮಾನಿಟರ್‌ಗೆ ಎರಡು ಸ್ಕೇಲಿಂಗ್ ಇದ್ದರೆ ಇನ್ನೂ ಕಷ್ಟ. ಪ್ರತಿ ಮಾನಿಟರ್‌ಗೂ ಬೇರೆ ಡಿಪಿಐ ಗುರುತಿಸುವ ವ್ಯವಸ್ಥೆ ವಿಂಡೋಸ್ 8.1ರಲ್ಲಿ ಬಂತು, ಅದರ ಸುಧಾರಿತ ಎರಡನೇ ಆವೃತ್ತಿ ವಿಂಡೋಸ್ 10ರ 1703ರಲ್ಲಿ. ಹೊಸ ಅಪ್ಲಿಕೇಶನ್ ಆದರೆ ಮ್ಯಾನಿಫೆಸ್ಟ್‌ನಲ್ಲಿ (ಅಪ್ಲಿಕೇಶನ್ ತನ್ನ ಬೇಡಿಕೆಗಳನ್ನು ವಿಂಡೋಸ್‌ಗೆ ಹೇಳುವ ಫೈಲ್) ಈ ಎರಡನೆಯದನ್ನೇ ಕೇಳಿ. ಗೆಟ್‌ಡಿಪಿಐಫಾರ್‌ವಿಂಡೋಗೆ ಮುಖ್ಯ ವಿಂಡೋ ಕೊಟ್ಟು ಡಿಪಿಐ ಪಡೆಯಿರಿ, ಪಾಪ್‌ಅಪ್‌ನ ಅಳತೆಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ, ಆಮೇಲೆ ಹಂತ 4 ಮತ್ತು 5. ಲೆಕ್ಕವೆಲ್ಲ ಒಂದೇ ಮಾಪನದಲ್ಲಿ ನಡೆಯಲಿ. ವೇರಿಯಬಲ್‌ಗಳ ಹೆಸರಿನಲ್ಲೇ ಇದು ಪಿಕ್ಸೆಲ್ಲೋ ಅಲ್ಲವೋ ಎಂದು ಬರೆದುಕೊಂಡರೆ ಮುಂದೆ ಕೋಡ್ ಓದುವವರಿಗೆ ದೊಡ್ಡ ಉಪಕಾರ.

ಮಿನಿಮೈಸ್, ಮ್ಯಾಕ್ಸಿಮೈಸ್ ಆಗಿದ್ದಾಗ

ವಿಂಡೋಸ್‌ನಲ್ಲಿ ಮಿನಿಮೈಸ್ ಆದ ವಿಂಡೋದ ಜಾಗ ಕೇಳಿದರೆ (−32000, −32000) ಎಂದು ಬರುತ್ತದೆ. ಹಿನ್ನೆಲೆಯಲ್ಲಿ ಕೆಲಸ ಮುಗಿಸಿ ಪಾಪ್‌ಅಪ್ ತೋರಿಸುವ ಅಪ್ಲಿಕೇಶನ್‌ಗಳು ಇಲ್ಲಿ ಎಡವುತ್ತವೆ. ಮಿನಿಮೈಸ್ ಆಗಿದೆಯೇ ಎಂದು ಮೊದಲು ನೋಡಿ. ಆಗಿದ್ದರೆ ಪಾಪ್‌ಅಪ್ ತಡೆಹಿಡಿಯಿರಿ, ವಿಂಡೋ ಮತ್ತೆ ತೆರೆದಾಗ ತೋರಿಸಿ. ಬಳಸುವವರು ಬದಿಗಿಟ್ಟ ಅಪ್ಲಿಕೇಶನ್ ತಾನಾಗಿ ಎದ್ದು ಬರುವುದು ಒಳ್ಳೆಯದಲ್ಲ.

ಡಬ್ಲ್ಯೂಪಿಎಫ್‌ನಲ್ಲಿ ಮ್ಯಾಕ್ಸಿಮೈಸ್ ಆದ ವಿಂಡೋದ ಲೆಫ್ಟ್, ಟಾಪ್ ಕೇಳಿದರೆ ಮ್ಯಾಕ್ಸಿಮೈಸ್ ಆಗುವ ಮುಂಚಿನ ಸಂಖ್ಯೆಗಳು ಬರುತ್ತವೆ. ಆದರೆ ಆಕ್ಚುಯಲ್‌ವಿಡ್ತ್ ಈಗಿನದು. ಎರಡನ್ನೂ ಬೆರೆಸಿದರೆ ಲೆಕ್ಕ ಎಲ್ಲೋ ಹೋಗುತ್ತದೆ. ಮ್ಯಾಕ್ಸಿಮೈಸ್ ಆಗಿದ್ದರೆ ಆ ಮಾನಿಟರ್‌ನ ವರ್ಕ್ ಏರಿಯಾವನ್ನೇ ಮುಖ್ಯ ವಿಂಡೋ ಎಂದು ತಗೊಳ್ಳಿ.

ಟೂಲ್‌ಕಿಟ್ ಮಾಡುವುದನ್ನು ಟೂಲ್‌ಕಿಟ್‌ಗೇ ಬಿಡಿ

ಮಧ್ಯಕ್ಕೆ ಇಡುವುದು ಮಾತ್ರ ಬೇಕಾದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ. ಡಬ್ಲ್ಯೂಪಿಎಫ್‌ನಲ್ಲಿ ಓನರ್ ಕೊಟ್ಟು ವಿಂಡೋಸ್ಟಾರ್ಟಪ್‌ಲೊಕೇಶನ್ ಅನ್ನು ಸೆಂಟರ್‌ಓನರ್ ಮಾಡಿ. ಕ್ಯೂಟಿಯ ಕ್ಯೂಡೈಲಾಗ್‌ಗೆ ಪೇರೆಂಟ್ ಕೊಟ್ಟರೆ ಸಾಕು, ತಾನಾಗಿಯೇ ಅದರ ಮಧ್ಯಕ್ಕೆ ಬರುತ್ತದೆ. ವಿನ್‌ಫಾರ್ಮ್ಸ್‌ನ ಸೆಂಟರ್‌ಪೇರೆಂಟ್ ಅನ್ನು ಶೋಡೈಲಾಗ್ ಜೊತೆ ನಂಬಬಹುದು. ಬರೀ ಶೋ ಎಂದು ತೆರೆಯುವುದಾದರೆ ಸ್ಟಾರ್ಟ್‌ಪೊಸಿಷನ್ ಅನ್ನು ಮ್ಯಾನುಯಲ್ ಮಾಡಿ ನೀವೇ ಲೆಕ್ಕ ಹಾಕಿ. ಮ್ಯಾನುಯಲ್ ಮಾಡದೆ ಲೊಕೇಶನ್ ಕೊಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಟಿಕೆಇಂಟರ್‌ನಲ್ಲಿ ಜಿಯೋಮೆಟ್ರಿಗೆ ಕೊಡುವ ಸಾಲಿನಲ್ಲಿ −100 ಎಂದರೆ ಬಲ ಅಂಚಿನಿಂದ 100 ಒಳಗೆ ಎಂದು ಅರ್ಥ. ಎಡಗಡೆಯ ಮಾನಿಟರ್‌ನ −100 ಬೇಕಾದರೆ +−100 ಎಂದು ಬರೆಯಬೇಕು. ವಿಚಿತ್ರವಾಗಿ ಕಂಡರೂ ಅದೇ ಸರಿ.

ಮುಖ್ಯ ವಿಂಡೋ ಸರಿದಾಗ

ಪಕ್ಕಕ್ಕೆ ಅಂಟಿದ ಪಾಪ್‌ಅಪ್ ಮುಖ್ಯ ವಿಂಡೋ ಜೊತೆ ಚಲಿಸಬೇಕಾದರೆ, ಎರಡರ ನಡುವಿನ ಅಂತರವನ್ನು ನೆನಪಿಟ್ಟುಕೊಳ್ಳಿ. ಮುಖ್ಯ ವಿಂಡೋದ ಜಾಗ ಅಥವಾ ಅಳತೆ ಬದಲಾದ ಸೂಚನೆ ಬಂದಾಗ ಆ ಅಂತರ ಕೂಡಿಸಿ ಪಾಪ್‌ಅಪ್ ಸರಿಸಿ. ವಿನ್32ನಲ್ಲಿ ಸೆಟ್‌ವಿಂಡೋಪೋಸ್ ಕರೆಯುವಾಗ ನೋಆಕ್ಟಿವೇಟ್ ಫ್ಲ್ಯಾಗ್ ಮರೆಯಬೇಡಿ, ಇಲ್ಲದಿದ್ದರೆ ಎಳೆಯುವ ನಡುವೆ ಫೋಕಸ್ ಪಾಪ್‌ಅಪ್‌ಗೆ ಹೋಗಿಬಿಡಬಹುದು. ಮ್ಯಾಕ್‌ಓಎಸ್‌ನಲ್ಲಿ ಆಡ್‌ಚೈಲ್ಡ್‌ವಿಂಡೋ ಮಾಡಿದರೆ ತಾನಾಗಿಯೇ ಜೊತೆಗೆ ಬರುತ್ತದೆ. ಎಲೆಕ್ಟ್ರಾನ್‌ನಲ್ಲೂ ಮ್ಯಾಕ್‌ನಲ್ಲಿ ಬರುತ್ತದೆ, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಬರುವುದಿಲ್ಲ. ಡಬ್ಲ್ಯೂಪಿಎಫ್‌ನ ಪಾಪ್‌ಅಪ್ ಕಂಟ್ರೋಲ್ ಕೂಡ ವಿಂಡೋ ಸರಿದರೆ ಇದ್ದಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತು ಮಾತ್ರ ಇರುವ ಪಾಪ್‌ಅಪ್ ಆದರೆ ಹಿಂಬಾಲಿಸುವ ಬದಲು ಮುಚ್ಚಿಬಿಡುವುದೇ ಒಳ್ಳೆಯದು. ಮೆನುಗಳು ಮಾಡುವುದೂ ಅದನ್ನೇ.

ಕಳೆದ ಸಲದ ಜಾಗವನ್ನು ಉಳಿಸಿಡುವುದಾದರೂ ಈ ಅಂತರವನ್ನೇ ಉಳಿಸಿ, ಸ್ಕ್ರೀನ್‌ನ ಸಂಖ್ಯೆಯನ್ನಲ್ಲ. ಮತ್ತೆ ತೆರೆಯುವಾಗ ಹಂತ 5 ಇನ್ನೊಮ್ಮೆ ಓಡಲಿ.

ವೇಲ್ಯಾಂಡ್‌ನಲ್ಲಿ ದಾರಿಯೇ ಬೇರೆ

ವೇಲ್ಯಾಂಡ್ ಅಂದರೆ ಲಿನಕ್ಸ್‌ನಲ್ಲಿ ವಿಂಡೋಗಳನ್ನು ಸ್ಕ್ರೀನ್‌ಗೆ ತರುವ ಹೊಸ ವ್ಯವಸ್ಥೆ, ಹಳೆಯದು ಎಕ್ಸ್11. ವೇಲ್ಯಾಂಡ್‌ನಲ್ಲಿ ಅಪ್ಲಿಕೇಶನ್‌ಗೆ ತನ್ನ ವಿಂಡೋ ಸ್ಕ್ರೀನ್‌ನಲ್ಲಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಸಾಮಾನ್ಯ ವಿಂಡೋವನ್ನು ಇಂಥ ಜಾಗದಲ್ಲೇ ಇಡು ಎಂದು ಹೇಳುವಂತೆಯೂ ಇಲ್ಲ. ಅದನ್ನು ಕಂಪೋಸಿಟರ್, ಅಂದರೆ ಎಲ್ಲ ವಿಂಡೋಗಳನ್ನೂ ಜೋಡಿಸಿ ಸ್ಕ್ರೀನ್ ಮೇಲೆ ತೋರಿಸುವ ಪ್ರೋಗ್ರಾಂ, ತೀರ್ಮಾನಿಸುತ್ತದೆ. ಕ್ಯೂಟಿಯ ಮೂವ್ ಇಲ್ಲಿ ಮೇಲ್ಮಟ್ಟದ ವಿಂಡೋಗಳ ಮೇಲೆ ನಡೆಯುವುದಿಲ್ಲ. ಜಿಟಿಕೆ 4ರಲ್ಲಿ ವಿಂಡೋ ಸರಿಸುವ ಫಂಕ್ಷನ್ ಅನ್ನೇ ತೆಗೆದುಹಾಕಿದ್ದಾರೆ.

ಆದರೆ ಪಾಪ್‌ಅಪ್‌ಗೆ ಇಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಪಾಪ್‌ಅಪ್‌ನ ಜಾಗ ವಿವರಿಸಲು ಇರುವ ಎಕ್ಸ್‌ಡಿಜಿ ಪೊಸಿಷನರ್‌ಗೆ ಮುಖ್ಯವಾಗಿ ಮೂರು ವಿಷಯ ಹೇಳುತ್ತೀರಿ: ಮುಖ್ಯ ವಿಂಡೋದ ಯಾವ ಆಯತಕ್ಕೆ ಅಂಟಬೇಕು, ಅದರ ಯಾವ ಬದಿಗೆ, ಯಾವ ದಿಕ್ಕಿಗೆ ಬೆಳೆಯಬೇಕು. ಜಾಗ ಸಾಲದಿದ್ದರೆ ಮಗುಚಲೋ, ಸರಿಸಲೋ, ಕುಗ್ಗಿಸಲೋ ಎಂದೂ ಹೇಳಬಹುದು. ಹಂತ 5ರಲ್ಲಿ ನಾವು ಕೈಯಿಂದ ಮಾಡಿದ್ದನ್ನು ಕಂಪೋಸಿಟರ್ ಮಾಡುತ್ತದೆ. ಜಿಟಿಕೆ ಪಾಪ್‌ಓವರ್‌ನಂಥವು ಇದರ ಮೇಲೆಯೇ ನಿಂತಿವೆ. ಹಳೆಯ ಎಕ್ಸ್11 ಅಭ್ಯಾಸದಿಂದ ಜಾಗದ ಸಂಖ್ಯೆಗಳನ್ನು ಬಲವಂತವಾಗಿ ಪಡೆಯಲು ಹೋಗಬೇಡಿ. ಡೈಲಾಗ್ ಆದರೆ ಟ್ರಾನ್ಸಿಯೆಂಟ್ ಫಾರ್ ಮಾತ್ರ ಕೊಟ್ಟು ಉಳಿದದ್ದನ್ನು ಕಂಪೋಸಿಟರ್‌ಗೆ ಬಿಡಿ.

ಬಿಡುಗಡೆಗೆ ಮುಂಚೆ ಪರೀಕ್ಷೆ

ಮುಖ್ಯ ವಿಂಡೋವನ್ನು ನಾಲ್ಕೂ ಮೂಲೆಗೆ ಎಳೆದು ಪ್ರತಿ ಸಲ ಪಾಪ್‌ಅಪ್ ತೆರೆಯಿರಿ. ಟಾಸ್ಕ್‌ಬಾರ್ ಅನ್ನು ಮೇಲಕ್ಕೋ ಎಡಕ್ಕೋ ಇಡಲು ಬರುವ ಆವೃತ್ತಿಯಾದರೆ ಹಾಗೆ ಇಟ್ಟು ನೋಡಿ. ಎರಡನೇ ಮಾನಿಟರ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ, ಆಮೇಲೆ ಮೇಲಕ್ಕೆ ಜೋಡಿಸಿ, ಮೈನಸ್ ಸಂಖ್ಯೆಗಳು ಎರಡೂ ದಿಕ್ಕಿನಲ್ಲಿ ಬರಲಿ. ಒಂದು ಮಾನಿಟರ್ 100%, ಇನ್ನೊಂದು 150% ಮಾಡಿ. ಮುಖ್ಯ ವಿಂಡೋ ಎರಡರ ನಡುವೆ ಅರ್ಧರ್ಧ ಇರುವಾಗಲೂ ತೆರೆಯಿರಿ. ಮ್ಯಾಕ್ಸಿಮೈಸ್ ಮಾಡಿ ತೆರೆಯಿರಿ. ಕೊನೆಗೆ, ಪಾಪ್‌ಅಪ್ ಎರಡನೇ ಮಾನಿಟರ್‌ನಲ್ಲಿರುವಾಗ ಅಪ್ಲಿಕೇಶನ್ ಮುಚ್ಚಿ, ಆ ಮಾನಿಟರ್‌ನ ಕೇಬಲ್ ಕಿತ್ತು, ಮತ್ತೆ ಶುರು ಮಾಡಿ. ಪಾಪ್‌ಅಪ್ ಉಳಿದ ಮಾನಿಟರ್‌ನಲ್ಲಿ ಪೂರ್ತಿ ಕಾಣಬೇಕು.